ಸಸ್ತಾಪುರ ಬಂಗ್ಲಾದಲ್ಲಿ ಒಡೆದ ಕಾಯಿ

ಹೋದ ವಾರ ಹುಮನಾಬಾದಿನಲ್ಲಿ ನನ್ನ ಹಳೇ ಮೋಟಾರ್ ಸೈಕಲ್ಲಿನ ಸೀಟಿಗೆ ಹೊಸ ಕವರು ಹಾಕಿಸಲು ಹೋಗಿದ್ದೆ. ಅಂಗಡಿಯವನು ಹರಿದ ರೆಕ್ಸಿನ್ ಕಿತ್ತು, ಒಳಗಿನ ಸ್ಪಂಜನ್ನು ಎಳೆದು ಕಟ್ಟೆಗೆ ಬಡಿದ. ಧೂಳಿನ ಜೊತೆ ಕುಸುಬಿ ಎಣ್ಣೆಯ ವಾಸನೆ ಎದ್ದಿತು. ಹಳತಾಗಿ ಕಮಟಿದ ವಾಸನೆ, ಆದರೂ ಕುಸುಬಿಯದೇ. "ಇದರ ಮ್ಯಾಲ ಕುಂತು ಭಜಿ ಕರದೀರೇನ್ರಿ?" ಎಂದು ಚೇಷ್ಟೆ ಮಾಡಿದ. ನಾನು ನಗಲಿಲ್ಲ. ಸ್ಪಂಜು ಬದಲಿಸಬೇಡ, ಅದನ್ನೇ ಹಾಕಿ ಮೇಲೆ ಕವರು ಹೊಲಿ ಎಂದೆ. ಅವನು ನನ್ನ ಮುಖ ನೋಡಿ ಸೂಜಿ ದಾರ ತೆಗೆದ.

ಆ ಎಣ್ಣೆ ಚೆಲ್ಲಿದ್ದು ನನ್ನ ಸೋದರತ್ತೆಯ ಕೈಚೀಲದಿಂದ. ಗಾಡಿ ಕೂಡ ಅವಳದೇ. ಅವಳಿಗೆ ಓಡಿಸಲು ಬರುತ್ತಿರಲಿಲ್ಲ, ಸೈಕಲ್ಲು ಸಹ ಬರುತ್ತಿರಲಿಲ್ಲ. ಆದರೂ ಅದು ಅವಳ ಗಾಡಿ, ನಾನು ಅದರ ಡ್ರೈವರ್ ಅಷ್ಟೇ.

ಅತ್ತೆ ನಮ್ಮಪ್ಪನ ಅಕ್ಕ. ಹುಲಸೂರಿನ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ಹುಮನಾಬಾದಿನ ಹತ್ತಿರದ ಹುಡಗಿ ಗ್ರಾಮದ ನಮ್ಮ ಮನೆಗೆ ಬಂದು, ಎಮ್ಮೆ ಕಟ್ಟಿಕೊಂಡು, ತನ್ನ ಪಾಡಿಗೆ ತಾನು ಇದ್ದಾಳೆ ಎಂದು ಊರವರು ಹೇಳುತ್ತಿದ್ದರು. ತನ್ನ ಪಾಡಿಗೆ ತಾನು ಎಲ್ಲಿ ಇದ್ದಳು? ಹಗಲೂ ಇರುಳೂ ಒಬ್ಬ ಮನುಷ್ಯನನ್ನು ಮನಸ್ಸಿನಲ್ಲೇ ಹಾಕಿ ಅರೆಯುತ್ತಿದ್ದಳು. ಅವನು ಅವಳ ಭಾವ, ಗಂಡನ ಅಣ್ಣ. ವಯಸ್ಸಿನಲ್ಲಿ ಹಿರಿಯ, 'ಅವರು' ಎಂದು ಬರೆಯಬೇಕು. ನನ್ನ ಕೈ ಬರೆಯುವುದಿಲ್ಲ.

ನಮ್ಮ ಕಡೆ ಹೆಂಗಸರು ಭಾವನೆದುರು ಮಾತಾಡುವುದಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಬಾಗಿಲ ಮರೆಗೆ ನಿಲ್ಲುತ್ತಾರೆ, ಏನಾದರೂ ಹೇಳುವುದಿದ್ದರೆ ಗಂಡನ ಬಾಯಿಂದಲೋ ಮಕ್ಕಳ ಬಾಯಿಂದಲೋ ಹೇಳಿಸುತ್ತಾರೆ. ಆ ಮನೆಯಲ್ಲಿ ಬಾಳಿದಷ್ಟು ಕಾಲವೂ ಅತ್ತೆ ಅವನ ಮುಂದೆ ಒಂದೇ ಒಂದು ಮಾತು ಆಡಿರಲಿಲ್ಲ. ಇದಕ್ಕೆ ಮರ್ಯಾದೆ ಎಂದು ಹೆಸರು. ಅವಳನ್ನು ಕೆಡಿಸಿದ್ದು ಈ ಮರ್ಯಾದೆಯೇ.

ಮಾವನಿಗೆ, ಅಂದರೆ ಅತ್ತೆಯ ಗಂಡನಿಗೆ, ಕಾಮಾಲೆ ಹೆಚ್ಚಾಗಿ ಹುಮನಾಬಾದಿನ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಹೊರಗಿನ ಊಟ ಸೇರುತ್ತಿಲ್ಲ, ಮನೆಯ ನುಚ್ಚು ಮಜ್ಜಿಗೆ ಬೇಕು ಎಂದು ಆತ ಆಸೆಪಟ್ಟ. ಅತ್ತೆ ಹಳ್ಳಿಗೆ ಹೋಗಿ, ಜೋಳದ ನುಚ್ಚು ಬೇಯಿಸಿ, ಡಬ್ಬಿಗೆ ತುಂಬಿಕೊಂಡು ಬೆಳಿಗ್ಗೆ ಹೊರಟಳು. ಭಾವನೂ ತಮ್ಮನನ್ನು ನೋಡಲು ತನ್ನ ಮೋಟಾರ್ ಸೈಕಲ್ ಮೇಲೆ ಹೊರಟಿದ್ದ. ಬಸ್ಸಿಗೆ ಕಾದರೆ ತಡವಾಗುತ್ತದೆಂದು ಮನೆಯವರು ಅವಳನ್ನು ಅವನ ಹಿಂದೆ ಕೂರಿಸಿದರು. ನಡುವೆ ಡಬ್ಬಿಯ ಚೀಲ ಇಟ್ಟುಕೊಂಡು, ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು ಕೂತಿದ್ದಳಂತೆ.

ಸಸ್ತಾಪುರ ಬಂಗ್ಲಾ ಎಂದರೆ ಬಸವಕಲ್ಯಾಣದ ರಸ್ತೆ ಹೆದ್ದಾರಿಗೆ ಬಂದು ಕೂಡುವ ಜಾಗ. ಕಲ್ಯಾಣದ ಕಡೆಯವರು ಹುಮನಾಬಾದಿಗೆ ಹೋಗಲು ಅಲ್ಲೇ ನಿಂತು ವಾಹನ ಕಾಯುತ್ತಾರೆ. ಆ ದಿನ ಅಲ್ಲಿ ಅವನ ಬೀಗರು ನಿಂತಿದ್ದರು. ಮಗಳನ್ನು ಆಗಷ್ಟೇ ಅವರ ಮನೆಗೆ ಕೊಟ್ಟಿದ್ದ, ಹೊಸ ಬೀಗತನ. ಬೀಗರನ್ನು ರಸ್ತೆಯಲ್ಲಿ ನಿಲ್ಲಿಸಿ ಮುಂದೆ ಹೋದರೆ ಮಗಳ ಬಾಳಿಗೆ ಏನಾದೀತೋ ಎಂಬ ಹೆದರಿಕೆ. ಗಾಡಿ ನಿಲ್ಲಿಸಿ, ಹಿಂದೆ ತಿರುಗಿಯೂ ನೋಡದೆ ಹೇಳಿದ: "ಇಳಿ. ಬೀಗರು ನಿಂತಾರ. ಹಿಂದ ಜೀಪ್ ಬರ್ತಾವ, ಬಾ."

ಅತ್ತೆ ಇಳಿದಳು. ಭಾವ ಇಳಿ ಎಂದರೆ ಇಳಿಯಬೇಕು. ಅಲ್ಲಿ ಗಂಡ ನನ್ನ ದಾರಿ ನೋಡುತ್ತಿದ್ದಾನೆ ಎನ್ನಲು ಅವಳಿಗೆ ಬಾಯಿ ಇರಲಿಲ್ಲ. ಬಂದ ಜೀಪುಗಳೆಲ್ಲ ಬಾಗಿಲಿಗೂ ಮಂದಿ ಜೋತುಬಿದ್ದು ಬಂದವು, ಒಂದೂ ನಿಲ್ಲಲಿಲ್ಲ. ಕಡೆಗೆ ಒಂದು ಲಾರಿಯವನು ಹತ್ತಿಸಿಕೊಂಡ. ಅವಳು ಆಸ್ಪತ್ರೆ ಮುಟ್ಟಿದಾಗ ಮಾವನ ಮುಖದ ಮೇಲೆ ಬಟ್ಟೆ ಎಳೆದಾಗಿತ್ತು...

ಇಷ್ಟೇ ಆಗಿದ್ದರೆ ಅವಳು ಮರೆಯುತ್ತಿದ್ದಳೋ ಏನೋ. ಆದರೆ ಸಾವಿನ ಮನೆಯಲ್ಲಿ ಕೂತು ಅವನು ಬಂದವರಿಗೆಲ್ಲ ಹೇಳಿದ, ತಮ್ಮನ ಬಾಯಿಗೆ ಕಡೆಯ ನೀರು ಬಿಟ್ಟವನು ನಾನು, ಹೆಂಡತಿಗೆ ಕೂಗಿ ಕೂಗಿ ಪ್ರಾಣ ಬಿಟ್ಟ, ಅವಳ ಪತ್ತೆಯೇ ಇರಲಿಲ್ಲ ಎಂದು. ಅವಳನ್ನು ದಾರಿಯಲ್ಲಿ ಇಳಿಸಿದವನು ತಾನೇ ಎಂಬುದನ್ನು ಮಾತ್ರ ನುಂಗಿ ನೀರು ಕುಡಿದ. ಗಂಡ ಸಾಯುವ ಹೊತ್ತಿಗೆ ಎಲ್ಲಿ ತಿರುಗುತ್ತಿದ್ದಳೋ ಎಂದು ಆ ಊರ ಹೆಂಗಸರು ವರ್ಷಗಟ್ಟಲೆ ಆಡಿಕೊಂಡರು. ಅತ್ತೆ ನಮ್ಮಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. ನಮ್ಮಪ್ಪ "ಹಿರ್ಯಾರು ಅದಾರ, ಹೋಗ್ಲಿ ಬಿಡು" ಎಂದ. ನಮ್ಮಪ್ಪನ ಮೇಲೂ ನನಗೆ ಆ ಸಿಟ್ಟು ಪೂರ್ತಿ ಹೋಗಿಲ್ಲ.

ನಾನು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ವರ್ಷ ಅತ್ತೆ ಎಮ್ಮೆಗಳನ್ನು ಮಾರಿ, ಗಾಡಿ ತರೋಣ ನಡೆ ಎಂದಳು. ಅದೂ ಸೊಲ್ಲಾಪುರದಿಂದ. ಅಲ್ಲಿ ಅವಳ ಮೌಶಿ, ಅಂದರೆ ತಾಯಿಯ ತಂಗಿ, ಇದ್ದಳು. ಅವರ ಓಣಿಯಲ್ಲಿ ಒಬ್ಬರು ತಮ್ಮ ಹಳೇ ಗಾಡಿ ಕೊಡುವವರಿದ್ದರು. ಹುಮನಾಬಾದಿನಲ್ಲೇ ಸಿಗುವುದಕ್ಕೆ ಅಷ್ಟು ದೂರ ಯಾಕೆ ಎಂದು ನಾನು ಕೇಳಿದೆ.

"ಇಲ್ಲಿ ತಗೊಂಡ್ರ ಗಾಡಿ ಮನಿಗಿ ಬರೂದಕ್ಕಿಂತ ಮೊದಲ ಸುದ್ದಿ ಹೋಗ್ತದ," ಎಂದಳು. ಯಾರಿಗೆ ಎಂದು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ.

ಗಾಡಿ ಕಪ್ಪು ಬಣ್ಣದ್ದು, ಮಹಾರಾಷ್ಟ್ರದ ನಂಬರಿನದು. ಮಾರಿದವರ ಮನೆಯ ಹೆಂಗಸು ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಒಡೆಯಲು ತೆಂಗಿನಕಾಯಿ ತಂದಳು. ಅತ್ತೆ ಕಾಯಿಯನ್ನು ಇಸಿದುಕೊಂಡು ಚೀಲಕ್ಕೆ ಹಾಕಿಕೊಂಡಳು. "ಇದು ಇಲ್ಲಿ ಅಲ್ಲ, ದಾರ್ಯಾಗ ಒಂದ್ ಜಾಗಾ ಅದ," ಎಂದಳು. ಮೌಶಿ ಒಂದು ಡಬ್ಬಿ ಕುಸುಬಿ ಎಣ್ಣೆ ಕೊಟ್ಟಳು. ಮೌಶಿಯ ಮಗಳು, ದಾರಿಯಲ್ಲಿ ಧೂಳು ಬಹಳ ಎಂದು, ಸೊಲ್ಲಾಪುರದ ಹುಡುಗಿಯರು ಕಟ್ಟಿಕೊಳ್ಳುವಂತೆ ಅತ್ತೆಯ ತಲೆ ಮುಖಕ್ಕೆಲ್ಲ ಸ್ಕಾರ್ಫ್ ಸುತ್ತಿದಳು. ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

ಗಾಡಿ ನಳದುರ್ಗದ ತನಕ ಚೆನ್ನಾಗಿಯೇ ಓಡಿತು. ಆಮೇಲೆ ತನ್ನ ಗುಣ ತೋರಿಸಿತು. ಚೈನು ಕಳಚಿತು, ಹಾಕಿದೆ. ಉಮರ್ಗಾದಲ್ಲಿ ಪೂರ್ತಿ ನಿಂತೇ ಬಿಟ್ಟಿತು, ಮೆಕ್ಯಾನಿಕ್ ಕಾರ್ಬ್ಯುರೇಟರ್ ಬಿಚ್ಚಿ ಊದಿ ಕೊಟ್ಟ. ನನ್ನ ಬೆನ್ನು ಹೋಗಿತ್ತು, ಎಣ್ಣೆಯ ಡಬ್ಬಿ ಸೋರಿ ಸೀಟು ಜಾರುತ್ತಿತ್ತು. ಮೋಸ ಹೋದೆವು ಅತ್ತೆ ಎಂದೆ. ಅವಳಿಗೆ ಅದರ ಚಿಂತೆಯೇ ಇಲ್ಲ. "ಬಂಗ್ಲಾ ಮುಟ್ಟಿಸು ಸಾಕು. ಅಲ್ಲಿಂದ ಮನಿತನ ಬೇಕಾದ್ರ ನಾನೇ ನೂಕ್ತೀನಿ," ಎಂದಳು.

ಬಂಗ್ಲಾದಲ್ಲಿ ಚಹಾದ ಅಂಗಡಿಯ ಎದುರು ನಿಲ್ಲಿಸು ಎಂದಳು. ಇಳಿದವಳೇ ರಸ್ತೆಯಂಚಿನ ಕಲ್ಲೊಂದನ್ನು ಹುಡುಕಿ ಅದರ ಮೇಲೆ ತಾನೇ ಕಾಯಿ ಒಡೆದಳು. ಗಂಡ ಸತ್ತವಳು ಗಾಡಿಗೆ ಕಾಯಿ ಒಡೆಯುವುದೇ ಎಂದು ನಮ್ಮ ಊರಿನಲ್ಲಾದರೆ ಹತ್ತು ಮಂದಿ ಹೌಹಾರುತ್ತಿದ್ದರು. ಅಲ್ಲಿ ಯಾರೂ ಕೇಳಲಿಲ್ಲ. ಚೂರು ಮಾಡಿ ನಿಂತವರಿಗೆಲ್ಲ ಹಂಚುತ್ತಾ ಹೋದಳು. ಅವರಲ್ಲಿ ಒಬ್ಬನ ಮುಂದೆ ಅವಳ ಕೈ ಒಂದು ಗಳಿಗೆ ನಿಂತಿತು. ನಾನು ಆಗ ಅವನನ್ನು ನೋಡಿದೆ.

ಭಾವ. ಬಿಳಿ ಧೋತರ, ಕೈಯಲ್ಲಿ ಒಂದು ಚೀಲ. ಹುಮನಾಬಾದಿಗೆ, ಮಗಳ ಮನೆಗೆ ಹೊರಟಿದ್ದ ಎಂದು ಆಮೇಲೆ ತಿಳಿಯಿತು. ಈ ವರ್ಷಗಳಲ್ಲಿ ಅವನ ಮೋಟಾರ್ ಸೈಕಲ್ ಕೈಬಿಟ್ಟು ಹೋಗಿ, ಅವನೂ ಎಲ್ಲರಂತೆ ರಸ್ತೆಯಲ್ಲಿ ನಿಲ್ಲುವವನಾಗಿದ್ದ. ಅತ್ತೆಯ ಕೈಯಿಂದ ಕೊಬ್ಬರಿ ಇಸಿದುಕೊಂಡು ಕಣ್ಣಿಗೆ ಒತ್ತಿಕೊಂಡ. ಗಾಡಿಯ ನಂಬರ್ ನೋಡಿದ, ಅವಳ ಸ್ಕಾರ್ಫ್ ನೋಡಿದ, ಹೆಲ್ಮೆಟ್ಟಿನೊಳಗಿದ್ದ ನನ್ನನ್ನು ನೋಡಿದ. ಮಹಾರಾಷ್ಟ್ರದವರು ಎಂದುಕೊಂಡು ಮರಾಠಿಯಲ್ಲಿ, ಬಹಳ ನಯವಾಗಿ, "ಭಾವೂ, ಹುಮನಾಬಾದ್‌ಪರ್ಯಂತ ಸೋಡ್ತಾ ಕಾ?" ಎಂದು ಕೇಳಿದ. ಅಲ್ಲಿಯ ತನಕ ಬಿಡುತ್ತೀರಾ ಎಂದು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಬಸಾ" ಎಂದಳು. ಕುಳಿತುಕೊಳ್ಳಿ.

ಅವಳು ನನ್ನ ಬೆನ್ನಿಗೆ ಸರಿದು ಕೂತು, ಹಿಂದೆ ಚೀಲ ಇಟ್ಟು ಜಾಗ ಮಾಡಿದಳು. ಅವನು ಹತ್ತಿ ಕೂತ, ಧೋತರ ಸರಿಮಾಡಿಕೊಂಡ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಮರಾಠಿಯಲ್ಲೇ ಹರಸಿದ. ನಾನು ಕಿಕ್ ಹೊಡೆಯಲು ಕಾಲೆತ್ತಿದೆ. ಅತ್ತೆ ನನ್ನ ಭುಜ ಒತ್ತಿ ಹಿಡಿದಳು. ಆಮೇಲೆ ಸ್ಕಾರ್ಫಿನ ಗಂಟು ಬಿಚ್ಚಿ, ಹಿಂದಕ್ಕೆ ತಿರುಗಿ, ಬರಿಯ ತಲೆಯಲ್ಲಿ ಅವನ ಮುಖವನ್ನೇ ನೋಡುತ್ತಾ ಹೇಳಿದಳು:

"ಇಳೀರಿ."

ಜೀವಮಾನದಲ್ಲಿ ಅವಳು ಭಾವನೊಡನೆ ಆಡಿದ ಮೊದಲನೇ ಕನ್ನಡದ ಮಾತು ಅದು. ಅವನು ಇಳಿದ. ಗುರುತು ಹತ್ತಿ ಇಳಿದನೋ, ಗಾಬರಿಯಾಗಿ ಇಳಿದನೋ, ಅಂತೂ ಇಳಿದ.

"ಇದೇ ಜಾಗಾದಾಗ ನನಗ ಇಳಿಸಿದ್ರಿ. ನೆಪ್ಪ ಅದ ಏನ್ರಿ?" ಅವಳು ಕೂಗಲಿಲ್ಲ, ಆದರೆ ಚಹಾದವನಿಗೂ ಕೇಳುವಂತೆ ಹೇಳಿದಳು.

ಅವನ ಬಾಯಲ್ಲಿ ಕೊಬ್ಬರಿ ಇತ್ತು. ಸುತ್ತ ನಿಂತವರಲ್ಲಿ ಅವನ ಊರಿನವರೂ ಇದ್ದರು. ಅವರ ಮುಖ ನೋಡಿದ, ರಸ್ತೆ ನೋಡಿದ. "ಬೀಗರು ನಿಂತಿದ್ರವಾ... ಅವರಿಗಿ ಬಿಟ್ಟು ಹ್ಯಾಂಗ ಹೋಗಬೇಕಿತ್ತು?" ಎಂದ.

"ಹೌದ್ರಿ. ಮತ್ತ ನೀವೇ ಇಳಿಸೀರಿ ಅಂತ ಮಂದಿಗಿ ಯಾಕ ಹೇಳಲಿಲ್ಲ?"

ಅತ್ತೆ ಕಾದಳು. ಚಹಾದವನು ಸೋಸುವುದನ್ನು ಬಿಟ್ಟು ನೋಡುತ್ತಿದ್ದ. ಆಮೇಲೆ ಅವಳು ಮುಂದಕ್ಕೆ ತಿರುಗಿ ಕೂತು, "ಹಿಂದ ಜೀಪ್ ಬರ್ತಾವ, ಬರ್ರಿ," ಎಂದು ನನ್ನ ಬೆನ್ನು ತಟ್ಟಿದಳು. ದೇವರ ದಯೆ, ಆ ಹಾಳು ಗಾಡಿ ಒಂದೇ ಕಿಕ್ಕಿಗೆ ಶುರುವಾಯಿತು.

ಹುಮನಾಬಾದಿನ ದಾರಿಯಲ್ಲಿ ರಾಜೇಶ್ವರ ಬರುವ ತನಕ ಅವಳು ನನ್ನ ಬೆನ್ನಿಗೆ ಹಣೆ ಒತ್ತಿ ಕೂತಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ಅಲ್ಲಿ ನಿಲ್ಲಿಸು ಎಂದಳು, ನೀರು ಕುಡಿದಳು, ಬಾಯಿ ಒರೆಸಿಕೊಂಡಳು. "ತಿರುಗಿಸು," ಎಂದಳು.

"ಯಾಕ ಅತ್ತಿ? ಕರ್ಕೊಂಡು ಬರೂಣೇನು?"

"ಕರ್ಕೊಂಡು ಬರಾಕ ನನಗೇನು ಹುಚ್ಚ ಹಿಡದದ? ನಿಂತಾನೋ ಇಲ್ಲೋ ನೋಡಿ ಬರೂಣ."

ತಿರುಗಿಸಿದೆ. ಅಷ್ಟು ದೂರ ವಾಪಸು ಹೋದೆವು, ಬರಿ ನೋಡಲಿಕ್ಕೆ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ. ಉಳಿದ ಕೊಬ್ಬರಿ ಚೂರು ಇನ್ನೂ ಕೈಯಲ್ಲೇ ಇತ್ತು, ತಿನ್ನಲೂ ಆಗದೆ ಎಸೆಯಲೂ ಆಗದೆ. ಅತ್ತೆ ತಲೆಯ ಮೇಲೆ ಸೆರಗು ಹಾಕಿಕೊಳ್ಳಲಿಲ್ಲ. ಕಣ್ತುಂಬ ನೋಡಿದಳು, ಮೆಲ್ಲಗೆ ಹೋಗು ಎಂದು ಹೇಳಿ ಮತ್ತೂ ನೋಡಿದಳು. ಆ ದಿನ ನಾವು ಪಟ್ಟ ಖುಷಿ ಯಾವ ಹಬ್ಬದಲ್ಲೂ ಪಟ್ಟಿಲ್ಲ.

ಮಾತು ಅವನ ಊರಿಗೆ ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಆ ಊರ ಹೆಂಗಸರು ಒಂದು ಮದುವೆಯಲ್ಲಿ ಅವಳ ಸುತ್ತ ಬಂದು ಕೂತು, ಅವರೇ ಇಳಿಸಿದ್ರಂತಲ್ಲವಾ, ಹೌದೇನು ಎಂದು ಕೇಳಿದರು. ಅತ್ತೆ "ಅವರಿಗೇ ಕೇಳ್ರಿ" ಎಂದು ಎಲೆ ಅಡಿಕೆ ಮಡಚುತ್ತಾ ಕೂತಳು.

ಅವಳು ತೀರಿಹೋಗಿ ಕೆಲವು ವರ್ಷವಾಯಿತು. ಮಣ್ಣಿಗೆ ಅವನೂ ಬಂದಿದ್ದ. ಗಂಡಸರ ಸಾಲಿನಲ್ಲಿ ಮುಂದೆ ಕೂತು, "ಸಿಟ್ಟಿನ ಹೆಣ್ಣಮಗಳು, ಆದ್ರ ಮನಸ್ಸು ಚಲೋ ಇತ್ತು," ಎಂದ. ಎದ್ದು ಹೋಗಿ ಅವನ ಬಾಯಿ ಮುಚ್ಚಿಸಬೇಕೆನಿಸಿತು. ಅವಳ ಸಿಟ್ಟೇ ಚಲೋ ಇತ್ತು ಎಂದು ಹೇಳಬೇಕೆನಿಸಿತು...

ಸೀಟಿಗೆ ಹೊಸ ಕವರು ಹಾಕಿಸಿದ ಮರುದಿನ ಕಲ್ಯಾಣಕ್ಕೆ ಕೆಲಸದ ಮೇಲೆ ಹೋಗಿದ್ದೆ. ವಾಪಸು ಬರುವಾಗ ಬಂಗ್ಲಾದಲ್ಲಿ ಅವನು ನಿಂತಿದ್ದ. ಕೋಲು ಬಂದಿದೆ, ಬೆನ್ನು ಬಾಗಿದೆ. ಈಗ ಗಾಡಿಗೆ ನಮ್ಮ ಕಡೆಯ ನಂಬರು, ನನ್ನ ಗುರುತೂ ಅವನಿಗಿದೆ. ಕೈ ಅಡ್ಡ ಹಾಕಿದ. ನಿಲ್ಲಿಸಿದೆ.

"ತಮ್ಮಾ, ಹುಮನಾಬಾದಕ ಹೊಂಟೀದಿ? ಹಿಂದ ಖಾಲಿ ಅದಲ್ಲ, ಕುಂದರ್ತೀನಿ."

"ಖಾಲಿ ಇಲ್ರಿ ಮಾವ," ಎಂದೆ. "ಅತ್ತಿ ಕುಂತಾಳ."

ಅವನು ಸೀಟು ನೋಡಿದ, ನನ್ನನ್ನು ನೋಡಿದ, ಕೋಲನ್ನು ಹಿಂದಕ್ಕೆ ಎಳೆದುಕೊಂಡ. ಹಿಂದೆ ಜೀಪ್ ಬರುತ್ತವೆ ಎಂದು ಹೇಳಿ ಹೊರಟೆ. ಆ ದಾರಿಯಲ್ಲಿ ಈಗ ಜೀಪುಗಳು ಓಡುವುದಿಲ್ಲ, ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ರಾಜೇಶ್ವರದಲ್ಲಿ ಗಾಡಿ ನಿಲ್ಲಿಸಿ ನೀರು ಕುಡಿದೆ. ತಿರುಗಿಸು ಎಂದು ಯಾರೂ ಹೇಳಲಿಲ್ಲ, ನಾನೇ ತಿರುಗಿಸಿದೆ. ಬಂಗ್ಲಾಕ್ಕೆ ಬಂದು ಆಚೆ ಬದಿಯಿಂದ ಮೆಲ್ಲಗೆ ಹೋದೆ. ನಿಂತಿದ್ದ. ನಿಂತಾನ ಅತ್ತಿ, ಇನ್ನೂ ನಿಂತಾನ ನೋಡು ಎನ್ನಲು ಹಿಂದಕ್ಕೆ ತಿರುಗಿದೆ. ಸೀಟಿನ ಹೊಸ ಕವರು ಬಿಸಿಲಿಗೆ ಹೊಳೆಯುತ್ತಿತ್ತು.