ದೇವಮ್ಮ ಕರೆದಾಗ ನಾನು ಹತ್ತದ ಜೀಪು

ಐದಾರು ವರ್ಷಗಳ ಹಿಂದಿನ ಮಾತು. ಆಗಲೂ ಈಗಿನಂತೆ ಸುರಪುರದ ಜೀಪ್ ಸ್ಟ್ಯಾಂಡಿಗೆ ಅಂಟಿಕೊಂಡೇ ನನ್ನ ಡೀಸೆಲ್ ಗಾಡಿಗಳ ಗ್ಯಾರೇಜಿತ್ತು. ಹುಣಸಗಿ, ಕೆಂಭಾವಿ ಕಡೆಯಿಂದಲೂ ಗಾಡಿ ತರುತ್ತಿದ್ದರು. ಬಾನೆಟ್ ಎತ್ತುವ ಮೊದಲೇ ರೋಗ ಹೇಳುವ ಮಿಸ್ತ್ರಿ ಎಂದು ಮಂದಿ ಹೊಗಳುತ್ತಿದ್ದರು, ನಾನೂ ಅದನ್ನು ನಂಬಿಬಿಟ್ಟಿದ್ದೆ.

ಹತ್ತಿ ಬಿಡಿಸುವ ದಿನಗಳು. ಸಿದ್ರಾಮಪ್ಪ ಎಂಬಾತನ ಹಳೆಯ ಜೀಪು ದಿನಾ ಬೆಳಿಗ್ಗೆ ಕೂಲಿ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹುಣಸಗಿ ಕಡೆಯ ಹೊಲಗಳಿಗೆ ಹೋಗುತ್ತಿತ್ತು. ಓಡಿಸುತ್ತಿದ್ದವಳು ದೇವಮ್ಮ. ಮೊದಲು ಅವಳ ಗಂಡ ಓಡಿಸುತ್ತಿದ್ದ. ಅವನು ಸೊಂಟ ಮುರಿದುಕೊಂಡು ಮಲಗಿದ ಮೇಲೆ ಇವಳೇ ಲೈಸೆನ್ಸ್ ಮಾಡಿಸಿಕೊಂಡು ಸ್ಟೇರಿಂಗ್ ಹಿಡಿದಿದ್ದಳು. ಸ್ಟ್ಯಾಂಡಿನಲ್ಲಿ ಹೆಣ್ಣು ಡ್ರೈವರ್ ಅವಳೊಬ್ಬಳೇ. ಉಳಿದವರಿಗೆ ಅವಳನ್ನು ಚೇಷ್ಟೆ ಮಾಡುವುದು ನಿತ್ಯದ ಕೆಲಸ.

ಒಂದು ದಿನ ಅವಳೂ ಮಾಲೀಕನೂ ಒಟ್ಟಿಗೆ ಗ್ಯಾರೇಜಿಗೆ ಬಂದರು.

“ಅಣ್ಣಾರ, ಊರು ಬಿಡೂತನಕ ಚಲೋ ಇರ್ತದ್ರಿ,” ಎಂದಳು ದೇವಮ್ಮ. “ಅರ್ಧ ದಾರಿ ದಾಟಿದ್ರ ಉಸಿರು ಕಟ್ಟಿದಂಗ ಮಾಡ್ತದ. ಎಕ್ಸಲೇಟರ್ ಒತ್ತಿದ್ರೂ ಎಳಿಯಂಗಿಲ್ಲ, ನಿಂತೇ ಬಿಡ್ತದ. ಚಾ ಕುಡಿಯೋ ಹೊತ್ತು ಬಿಟ್ಟು ಚಾಲೂ ಮಾಡಿದ್ರ ಮತ್ತ ಓಡ್ತದ. ನನ್ನ ಸಂಗಾಟ ಬರ್ರಿ, ತೋರಸ್ತೀನಿ.”

ಸಿದ್ರಾಮಪ್ಪ ಅವಳ ಮಾತು ಮುಗಿಯಗೊಡಲಿಲ್ಲ. “ಮಿಸ್ತ್ರಿ, ಗಾಡಿ ಕೆಟ್ಟದೋ, ಓಡಿಸೋದು ಕೆಟ್ಟದೋ, ಇವತ್ತು ಖುಲ್ಲಾ ಹೇಳಿಬಿಡು. ಓಡಿಸೋದು ಕೆಟ್ಟಿದ್ರ ಕೀ ಇಸ್ಕೋತೀನಿ.”

ಡೀಸೆಲ್ ಫಿಲ್ಟರ್ ಬದಲಿಸಿದೆ, ಏರ್ ಫಿಲ್ಟರ್ ಝಾಡಿಸಿದೆ, ಪೈಪಿನಲ್ಲಿ ಸೇರಿದ ಗಾಳಿ ತೆಗೆದೆ. ಇನ್ನು ಉಳಿದದ್ದು ಅವಳ ಜೊತೆ ಹೋಗಿ ನೋಡುವುದು. ಹೋಗಲಿಲ್ಲ. ಕಾರಣ ಹೇಳಲು ಈಗಲೂ ನಾಲಿಗೆ ತಡವರಿಸುತ್ತದೆ. ತುಂಬಿದ ಬಜಾರಿನಲ್ಲಿ ಹೆಂಗಸು ಗಾಡಿ ಓಡಿಸುವುದು, ಇಷ್ಟು ದೊಡ್ಡ ಮಿಸ್ತ್ರಿ ಪಕ್ಕದಲ್ಲಿ ಕೂರುವುದು! ಸ್ಟ್ಯಾಂಡಿನವರು ನಕ್ಕಾರು ಎಂದು ಅಂಜಿದೆ. ಅವಳನ್ನು ಕೆಳಗಿಳಿಸಿ ನಾನೇ ಊರ ಹೊರಗಿನತನಕ ಓಡಿಸಿಕೊಂಡು ಬಂದೆ. ಜೀಪು ಎಲ್ಲೂ ತಕರಾರು ಮಾಡಲಿಲ್ಲ.

“ಗಾಡಿ ಚಲೋ ಅದ,” ಎಂದೆ, ಸ್ಟ್ಯಾಂಡಿನವರಿಗೆಲ್ಲ ಕೇಳುವಂತೆ. “ಕ್ಲಚ್ ಮ್ಯಾಲಿನ ಕಾಲೇ ತೆಗೆಯಂಗಿಲ್ಲ ಈಕಿ. ಎಳಿ ಅಂದ್ರ ಗಾಡಿ ಹೆಂಗ ಎಳಿತದ?”

ಎಲ್ಲರೂ ನಕ್ಕರು. ಕಾಲಿಟ್ಟೇ ಓಡಿಸಿ ಕ್ಲಚ್ ಸವೆದರೆ ಇಂಜಿನ್ ಬರೀ ಅರಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಇಂಜಿನ್ನೇ ಆರಿಹೋಗಿ, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುವುದಂತೂ ಸಾಧ್ಯವೇ ಇಲ್ಲ. ಇದು ನಿನ್ನೆ ಕೆಲಸಕ್ಕೆ ಸೇರಿ ಪಾನಾ ಹಿಡಿದ ಹುಡುಗನಿಗೂ ಗೊತ್ತಿರುವ ಮಾತು. ಥೂ, ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದೇವಮ್ಮ ಕೀಯನ್ನು ಬಾನೆಟ್ ಮೇಲಿಟ್ಟು ಹೋದಳು.

ಜೀಪು ಸಿದ್ರಾಮಪ್ಪನ ಅಳಿಯ ಮಲ್ಲುವಿನ ಕೈಗೆ ಹೋಯಿತು. ಕೆಲವೇ ದಿನಗಳಲ್ಲಿ ಅವನ ಕೈಯಲ್ಲೂ ದಾರಿ ನಡುವೆ ನಿಂತಿತು. ಸಿದ್ರಾಮಪ್ಪನಿಂದ ನನಗೆ ಫೋನು ಬಂತು. ಮರುದಿನ ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಮಲ್ಲುವಿನ ಪಕ್ಕ ಹತ್ತಿ ಕೂತೆ. ಒಂದು ಕ್ಷಣವೂ ಹಿಂದೆಮುಂದೆ ನೋಡಲಿಲ್ಲ. ಕೂತ ಮೇಲೆ ತಿರುಗಿದರೆ, ಹಿಂದೆ ಕೂಲಿಯವರ ನಡುವೆ ಬುತ್ತಿ ಗಂಟು ತೊಡೆಯ ಮೇಲಿಟ್ಟುಕೊಂಡು ದೇವಮ್ಮ ಕೂತಿದ್ದಳು. ತಾನು ಓಡಿಸುತ್ತಿದ್ದ ಗಾಡಿಯಲ್ಲೇ ಹತ್ತಿ ಬಿಡಿಸಲು ಹೊರಟಿದ್ದಳು. ನಾಚಿಕೆಯಾಯಿತು. ದಾರಿಯುದ್ದಕ್ಕೂ ಮತ್ತೆ ಹಿಂದೆ ತಿರುಗಲಿಲ್ಲ.

ಅರ್ಧ ದಾರಿ ದಾಟಿದ ಮೇಲೆ ಅವಳು ಹೇಳಿದ್ದಂತೆಯೇ ಆಯಿತು. ಎಳೆತ ಇಳಿಯುತ್ತ ಬಂದು ಇಂಜಿನ್ ಆರಿತು. ಇಳಿದು ಪೈಪು ಬಿಚ್ಚಿದರೆ ಡೀಸೆಲ್ ಬರುತ್ತಿಲ್ಲ. ಟ್ಯಾಂಕಿನಲ್ಲಿ ಬೇಕಾದಷ್ಟಿತ್ತು. ಟ್ಯಾಂಕಿನದು ಕೀ ಹಾಕುವ ಮುಚ್ಚಳ. ಡೀಸೆಲ್ ಕದ್ದಾಳೆಂದು ಆ ಕೀಯನ್ನು ಸಿದ್ರಾಮಪ್ಪ ದೇವಮ್ಮನಿಗೆ ಎಂದೂ ಕೊಟ್ಟಿರಲಿಲ್ಲ, ಅಳಿಯನಿಗೆ ಕೊಟ್ಟಿದ್ದ. ಮಲ್ಲುವಿನಿಂದ ಅದನ್ನು ಇಸಿದುಕೊಂಡು ಮುಚ್ಚಳ ತೆರೆದೆ. ಬುಸ್ಸೆಂದು ಗಾಳಿ ಒಳಗೆ ನುಗ್ಗಿತು. ಪೈಪು ಕೂಡಿಸಿ, ಕೈಪಂಪು ಒತ್ತಿ ಚಾಲೂ ಮಾಡಿದರೆ ಇಂಜಿನ್ ಎದ್ದಿತು.

ಟ್ಯಾಂಕಿನಲ್ಲಿ ಡೀಸೆಲ್ ಇಳಿದಂತೆಲ್ಲ ಅಷ್ಟು ಗಾಳಿ ಒಳಗೆ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸಣ್ಣ ತೂತಿರುತ್ತದೆ. ಅದು ಮುಚ್ಚಿಹೋದರೆ ಒಳಗೆ ವ್ಯಾಕ್ಯೂಮ್ ಆಗಿ, ಪಂಪಿಗೆ ಡೀಸೆಲ್ ಎಳೆಯಲು ಆಗುವುದಿಲ್ಲ. ಗಾಡಿ ನಿಂತಾಗ ಸಂದಿಯಿಂದ ನಿಧಾನಕ್ಕೆ ಗಾಳಿ ನುಸುಳುತ್ತದೆ, ಮತ್ತೆ ಓಡುತ್ತದೆ. ಮುಚ್ಚಳ ತಿರುವಿದೆ. ಒಳಗೆ ತೂತಿನ ಮೇಲೆ ಹಳೇ ಟ್ಯೂಬಿನ ದುಂಡನೆಯ ತುಂಡು ಕೂತಿತ್ತು. ಹಿಂದೊಮ್ಮೆ ಡೀಸೆಲ್ ತುಳುಕುತ್ತದೆಂದು ಸಿದ್ರಾಮಪ್ಪ ಗೊಣಗಿದಾಗ ಅದನ್ನು ಕತ್ತರಿಸಿ ಕೂರಿಸಿದವನು ನಾನೇ.

“ಏನಾಗಿತ್ತು?” ಎಂದ ಮಲ್ಲು. ಹೆಣ್ಣುಮಕ್ಕಳೆಲ್ಲ ಇಳಿದು ಸುತ್ತ ನಿಂತಿದ್ದರು.

“ಏನಿಲ್ಲ, ಸಣ್ಣದು,” ಎಂದು ರಬ್ಬರನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಅಷ್ಟಾದ ಮೇಲೂ ಮುಚ್ಚಿಡಲು ನೋಡಿದೆನಲ್ಲ, ಎಂಥ ಮನುಷ್ಯ ನಾನು!

ದೇವಮ್ಮ ಮುಂದೆ ಬಂದಳು. “ಜೇಬಿನ್ಯಾಗ ಏನ ಹಾಕ್ಕೊಂಡ್ರಿ, ಅಣ್ಣಾರ? ಸಣ್ಣದಕ್ಕ ನನ್ನ ಕೆಲಸ ಹೋತೇನ್ರಿ?”

ರಬ್ಬರು ಹೊರತೆಗೆದೆ. “ನಂದೇ ತಪ್ಪು, ತಂಗಿ. ಇದನ್ನ ಹಾಕಿದಾವ ನಾನೇ. ನೀ ಚಲೋನೇ ಓಡಿಸ್ತಿದ್ದಿ.”

“ನನಗ ಯಾಕ ಹೇಳ್ತೀರಿ? ಮಾಲಕರಿಗಿ ಹೇಳ್ರಿ. ಇಲ್ಲೇ, ಎಲ್ಲಾರ ಮುಂದ.”

ಫೋನಿನ ಸ್ಪೀಕರ್ ಹಾಕಿ ಒಂದೂ ಬಿಡದೆ ಹೇಳಿದೆ. ಸಿದ್ರಾಮಪ್ಪ, “ಮಲ್ಲೂ, ಎರಡೂ ಕೀ ಆಕಿಗಿ ಕೊಡು,” ಎಂದ.

ಅವಳು ಸ್ಟೇರಿಂಗಿಗೆ ಕೂತಳು. ನಾನು ಪಕ್ಕದ ಸೀಟಿಗೆ ಹೋದೆ.

“ಇಲ್ಲಿ ಈ ನೀಲವ್ವ ಕೂಡ್ತಾಳ್ರಿ, ಆಕಿಗಿ ಮೊಣಕಾಲು ಬ್ಯಾನಿ ಅದ. ನೀವು ಹಿಂದ ಹತ್ರಿ.”

ಹಿಂದೆ ಹತ್ತಿದೆ. ಹುಣಸಗಿಯತನಕ ಬುತ್ತಿ ಗಂಟುಗಳ ನಡುವೆ ತಲೆ ತಗ್ಗಿಸಿ ಕೂತಿದ್ದೆ, ಯಾರೂ ಮಾತಾಡಿಸಲಿಲ್ಲ.

ಓಡಿಸುವವರು ಯಾರೇ ಇರಲಿ, ಅವರ ಪಕ್ಕ ಕೂರದೆ ಗಾಡಿಯ ರೋಗ ಹೇಳಬಾರದು ಎಂದು ಅಂದು ಕಲಿತೆ. ಈಗ ಯಾರು “ಬರ್ರಿ, ತೋರಸ್ತೀನಿ” ಎಂದರೂ ಕೈಯೊರೆಸಿಕೊಂಡು ಎದ್ದು ಹೋಗುತ್ತೇನೆ. ದೇವಮ್ಮ ಮಾತ್ರ ಆಮೇಲೆ ನನ್ನನ್ನು ಕರೆಯಲಿಲ್ಲ. ಗಾಡಿಗೆ ಏನಾದರೂ ಆದರೆ, ನನ್ನ ಗ್ಯಾರೇಜಿನ ಮುಂದಿನಿಂದಲೇ ಹಾದು ಶಹಾಪುರದ ಗ್ಯಾರೇಜಿಗೆ ಒಯ್ಯುತ್ತಾಳೆ.