ಉಳಿದ ಆರು ಬುಟ್ಟಿ ಮರಳು

ಚೀಕಲಪರ್ವಿಯಿಂದ ಎತ್ತಿನ ಬಂಡಿಯಲ್ಲಿ ಹೊಳೆಯ ಮರಳು ತರುತ್ತಿದ್ದ ಆ ಮುದುಕ ಎಂದೂ ಟೇಪು ಹಿಡಿದವನಲ್ಲ. ಚಪ್ಪಲಿ ಕಳಚಿ, ತುಂಬಬೇಕಾದ ಹೊಂಡಕ್ಕಿಳಿದು, ಮೂಲೆಮೂಲೆಗೂ ಅಂಗೈ ಊರಿ ಮೇಲೆ ಬಂದರೆ ಅಂದಾಜು ಮುಗಿಯಿತು. “ಒಂದ್ ಬುಟ್ಟಿನೂ ಉಳಿಯಂಗಿಲ್ರೀ” ಎನ್ನುತ್ತಿದ್ದ. ಉಳಿಯುತ್ತಲೂ ಇರಲಿಲ್ಲ. ಲೆಕ್ಕದ ಮೇಷ್ಟ್ರಾದ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಎಪ್ಪತ್ತರ ದಶಕದ ಮಾತು. ಮಾನ್ವಿಯ ನಮ್ಮ ಶಾಲೆಯ ಅಂಗಳದಲ್ಲಿ ಹಳೆಯ ಬೇವಿನ ಮರ ಬುಡಸಮೇತ ಉರುಳಿತ್ತು. ಅಲ್ಲಿ ಹೂದೋಟ ಮಾಡಬೇಕೆಂದು, ಹೊಂಡ ತುಂಬಲು ಅವನನ್ನೇ ಕರೆಸಿದೆವು. ಹೊಂಡ ತುಂಬಿತು. ಆರು ಬುಟ್ಟಿ ಮರಳು ಉಳಿಯಿತು.

“ಇರ್ಲಿ ಬಿಡು ಯಪ್ಪಾ, ಗಿಡಕ್ಕ ಆಗ್ತದ” ಎಂದರು ಹೆಡ್ಮಾಸ್ಟರು.

ಮುದುಕ ಆ ರಾಶಿಯನ್ನೇ ನೋಡಿದ. “ಆರು ಬುಟ್ಟಿ ಅಂದ್ರ ಒಂದಾಳು ಕುಂದ್ರೋ ಜಾಗಾರೀ. ಒಳಗ ಯಾರೋ ಅದಾರ.”

ನಾವು ನಕ್ಕೆವು. ಅವನು ಸಲಿಕೆ ಹಿಡಿದು ತುಂಬಿದ್ದನ್ನೆಲ್ಲ ತೆಗೆದ. ತಳದಲ್ಲಿ ಬೇರಿನ ತುಂಡೂ ಇರಲಿಲ್ಲ. ಮತ್ತೆ ತುಂಬಿದ. ಈ ಸಲ ಒಂದು ಬುಟ್ಟಿಯೂ ಉಳಿಯಲಿಲ್ಲ.

“ನೋಡು ಯಪ್ಪಾ, ಯಾರೂ ಇಲ್ಲಲ್ಲ” ಎಂದೆ ನಾನು.

ಅವನು ಹೊಂಡದ ಕಡೆ ನೋಡಲೇ ಇಲ್ಲ. ನನ್ನ ತರಗತಿಯ ತೆರೆದ ಬಾಗಿಲನ್ನು ನೋಡುತ್ತ ಮೆಲ್ಲಗೆ ಹೇಳಿದ:

“ಈಗಿಲ್ರೀ ಸರ. ನಾ ತೆಗದಾಗ ಎದ್ದು ಹೋದ್ರು.”