ಅಮ್ಮನ ಎದೆಯೊಳಗಿನ ಬಾಗಿಲು

ಅಮ್ಮ ಮನೆಯೊಳಗೆ ಎಲ್ಲಿದ್ದಾಳೆಂದು ಕೂಗಿ ಕೇಳಬೇಕಾಗಿರದ ಕಾಲವೊಂದು ನನ್ನ ಬಾಲ್ಯದಲ್ಲಿತ್ತು. ಆಗ ನಾವು ಕೆಸರೆಯಲ್ಲಿದ್ದೆವು, ನಾನು ನಾಲ್ಕನೇ ಕ್ಲಾಸು. ಒಂದು ನಡುಮನೆ, ಒಂದು ಅಡುಗೆಮನೆ, ಮಳೆ ಬಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದ ಶೀಟಿನ ಮನೆ. ಮಳೆಯಿಲ್ಲದ ಮಧ್ಯಾಹ್ನ ಟೀವಿ ಆರಿಸಿ ಸುಮ್ಮನೆ ಕೂತರೆ ಅಡುಗೆಮನೆಯ ಕಡೆಯಿಂದ ಟಿಕ್, ಟಿಕ್, ಟಿಕ್ ಎಂದು ಸಣ್ಣ ಸದ್ದು ಬರುತ್ತಿತ್ತು. ನಮ್ಮ ಗೋಡೆ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿತ್ತು. ಆ ಸದ್ದು ಅಮ್ಮನದು.

ಅದಕ್ಕೆ ಮುಂಚೆ ಅಮ್ಮ ಸದ್ದಿಲ್ಲದ, ಉಸಿರೂ ಸಾಲದ ಹೆಂಗಸಾಗಿದ್ದಳು. ಮನೆಯಲ್ಲೇ ಕೂತು ಊದುಬತ್ತಿ ಹೊಸೆಯುತ್ತಿದ್ದಳು. ಅಂಗೈಯೆಲ್ಲ ಕಪ್ಪು, ಸೀರೆಯೆಲ್ಲ ಗಂಧದ ಪುಡಿಯ ಘಮ. ಒಂದು ಬಿಂದಿಗೆ ನೀರು ತರುವಷ್ಟರಲ್ಲಿ ಹೊಸ್ತಿಲ ಮೇಲೆ ಕುಸಿದು ಕೂರುತ್ತಿದ್ದಳು. ಊದುಬತ್ತಿ ಪುಡಿಯಿಂದ ದಮ್ಮು ಬಂದಿದೆ ಎಂದು ಬೀದಿಯವರೆಲ್ಲ ತೀರ್ಮಾನ ಮಾಡಿದ್ದರು. ಪರೀಕ್ಷೆ ಮಾಡಿದ ಡಾಕ್ಟರು ಬೇರೆಯೇ ಹೇಳಿದರು. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲೆಲ್ಲ ಊದಿ ಜ್ವರ ಬಂದಿತ್ತಲ್ಲ, ಆ ಜ್ವರ ಹೃದಯವನ್ನು ಕಚ್ಚಿ ಹೋಗಿದೆ ಎಂದರು.

ಅಪ್ಪ ಬಡಗಿ. ವಿಜಯನಗರದ ಕಡೆ ಏಳುತ್ತಿದ್ದ ಹೊಸ ಮನೆಗಳಿಗೆ ಬಾಗಿಲು ಕೂರಿಸುವುದು ಅವನ ಕೆಲಸ. ಆಸ್ಪತ್ರೆಯಿಂದ ಬಂದವನೇ ಒಂದು ಪ್ಲೈವುಡ್ ಚೂರನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಸಂದಿಯ ಪೆನ್ಸಿಲ್ ತೆಗೆದ.

"ನೋಡಮ್ಮ, ಇದು ನಿಮ್ಮಮ್ಮನ ಹಾರ್ಟು. ನಾಕು ಕೋಣೆ. ಬಲಕ್ಕೆರಡು, ಎಡಕ್ಕೆರಡು. ಮೈಯೆಲ್ಲ ಸುತ್ತಿ ಸೋತ ರಕ್ತ ಬಲಗಡೆಗೆ ಬತ್ತದೆ. ಅಲ್ಲಿಂದ ಶ್ವಾಸಕೋಶಕ್ಕೆ ಓಗಿ, ಗಾಳಿ ತಗಂಡು, ಎಡಗಡೆ ಮೇಲಿನ ಕೋಣೆಗೆ ಬತ್ತದೆ. ಅಲ್ಲಿಂದ ಕೆಳಗಿನ ಕೋಣೆಗೆ ಇಳೀಬೇಕು. ಆ ಕೆಳಗಿನ ಕೋಣೆ ಐತಲ್ಲ, ಅದೇ ಗಟ್ಟಿ ಆಳು. ಅದು ಹಿಂಡಿದ್ರೇನೇ ತಲೆಯಿಂದ ಕಾಲ್ಬೆರಳವರೆಗೂ ರಕ್ತ ಓಯ್ತದೆ."

"ಮತ್ತೆ ಅಮ್ಮಂಗೆ ಏನಾಗಿದೆ?"

"ಮೇಲ್ಕೋಣೆಗೂ ಕೆಳಕೋಣೆಗೂ ಮಧ್ಯೆ ಬಾಗಿಲೈತೆ. ಒಂದೇ ಕಡೆಗೆ ತೆಗೆಯೋ ಬಾಗಿಲು. ಇಳಿದ ರಕ್ತ ವಾಪಸ್ ಬರಬಾರದು, ಅದಕ್ಕೆ. ಅದರ ಎರಡೂ ರೆಕ್ಕೆ ಒಂದಕ್ಕೊಂದು ಅಂಟ್ಕಂಬುಟ್ಟವೆ. ರಕ್ತ ಇಳಿಯಕ್ಕೆ ಜಾಗ ಇಲ್ದೆ ಹಿಂದಕ್ಕೇ ನಿಂತು ಶ್ವಾಸಕೋಶ ಒದ್ದೆ ಆಯ್ತದೆ. ಏದುಸಿರು ಅದಕ್ಕೇ."

"ನೀನೇ ಸರಿ ಮಾಡಪ್ಪ," ಎಂದೆ. ಊರಿನ ಬಾಗಿಲನ್ನೆಲ್ಲ ಸರಿ ಮಾಡುವವನು ಅವನೇ ತಾನೆ. ಅಪ್ಪ ಪೆನ್ಸಿಲನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡು ಎದ್ದು ಹೋದ.

ಬೇಸಿಗೆ ರಜೆಯಲ್ಲಿ ಆಪರೇಷನ್ ಆಯಿತು. ಎದೆಯ ಮೂಳೆ ಕೊಯ್ದು, ಹಳೆಯ ಬಾಗಿಲು ತೆಗೆದು, ಹೊಸದನ್ನು ಹೊಲಿದರು. ಕಬ್ಬಿಣದ್ದಾ ಎಂದು ಕೇಳಿದ್ದಕ್ಕೆ ಅಪ್ಪ, "ಅದೇನೋ ಇಂಗಾಲದ್ದಂತೆ, ತುಕ್ಕು ಹಿಡಿಯಲ್ಲ," ಎಂದ. ಅದು ಮುಚ್ಚಿಕೊಂಡಾಗಲೆಲ್ಲ ಟಿಕ್ ಎನ್ನುತ್ತಿತ್ತು. ಆ ಬಾಗಿಲಿನ ಮೇಲೆ ರಕ್ತ ಹೆಪ್ಪುಗಟ್ಟಬಾರದೆಂದು ದಿನಾ ರಕ್ತ ತೆಳುವಾಗಿಸುವ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದ ಹತ್ತಾರು ಮಾತಿನಲ್ಲಿ ಸೊಪ್ಪಿನ ಮಾತೂ ಒಂದಿತ್ತು. ಸೊಪ್ಪಿನಲ್ಲಿರುವ ಸತ್ವ ಮಾತ್ರೆಯ ಶಕ್ತಿಯನ್ನು ತಿಂದುಹಾಕುತ್ತದೆ, ಇದ್ದಕ್ಕಿದ್ದಂತೆ ಹೆಚ್ಚಿಗೆ ತಿನ್ನಬೇಡಿ ಅಂತ.

ಆ ಬೇಸಿಗೆ ನಾನು ಕಂಡ ಅತ್ಯಂತ ಸುಖದ ಬೇಸಿಗೆ. ಅಮ್ಮ ಬಾಯಿ ತೆರೆದರೆ ಸದ್ದು ಇನ್ನೂ ಚೆನ್ನಾಗಿ ಕೇಳುತ್ತದೆಂದು ನಾನೇ ಕಂಡುಹಿಡಿದೆ. "ಅಮ್ಮಾ, ಆ ಅನ್ನು," ಎನ್ನುತ್ತಿದ್ದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು "ಆ" ಎಂದು ಬಾಯಿ ತೆರೆಯುತ್ತಿದ್ದಳು. ಹಲ್ಲುಗಳ ಹಿಂದೆ ಎಲ್ಲೋ ಆಳದಲ್ಲಿ ಟಿಕ್, ಟಿಕ್. ಪಕ್ಕದ ಮನೆ ಹುಡುಗಿಯರನ್ನು ಕರೆತಂದು ಕೇಳಿಸಿ ಜಂಬ ಕೊಚ್ಚಿಕೊಂಡೆ. ಕಣ್ಣಾಮುಚ್ಚಾಲೆಗೆ ಅಮ್ಮನನ್ನೂ ಎಳೆದರೆ, ಬೀರುವಿನ ಹಿಂದೆ ಉಸಿರು ಬಿಗಿಹಿಡಿದು ನಿಂತರೂ ಸಿಕ್ಕಿಬೀಳುತ್ತಿದ್ದಳು. "ನಿನ್ನ ಗುಂಡಿಗೆ ಚಾಡಿಕೋರ ಕಣೇ," ಎಂದು ಅಪ್ಪ ಅವಳನ್ನು ರೇಗಿಸುತ್ತಿದ್ದ.

ಆಷಾಢದ ಹೊತ್ತಿಗೆ ನಂಜನಗೂಡಿನ ಕಡೆಯ ಹಳ್ಳಿಯಿಂದ ಅಜ್ಜಿ ಬಂದಳು, ಅಮ್ಮನ ತಾಯಿ. ಚೀಲ ಇಳಿಸುತ್ತಲೇ, "ಮಗಳು ತವರಿಗೆ ಬರಕ್ಕಾಗ್ದಿದ್ರೆ ತವರೇ ಬತ್ತದೆ ಬುಡು," ಎಂದಳು. ಚೀಲದ ತುಂಬ ನುಗ್ಗೆಸೊಪ್ಪು, ಹೊನಗನ್ನೆ ಸೊಪ್ಪು. ಮಗಳ ಎದೆ ಕೊಯ್ದು ಅಷ್ಟು ರಕ್ತ ಹೋಗಿದೆ, ಅದನ್ನು ತುಂಬಿಸಬೇಕು, ರಕ್ತಕ್ಕೆ ಸೊಪ್ಪಿಗಿಂತ ಮದ್ದಿಲ್ಲ. ಅವಳ ಲೆಕ್ಕ ಅಷ್ಟೇ, ಅದರಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

"ಸೊಪ್ಪು ಜಾಸ್ತಿ ಬೇಡ ಅಂದವ್ರೆ ಕಣವ್ವ," ಎಂದಳು ಅಮ್ಮ.

"ಸೊಪ್ಪು ತಿಂದು ಸತ್ತೋರ್ನ ನಾ ಎಲ್ಲೂ ಕಂಡಿಲ್ಲ. ಮೊದ್ಲು ಕನ್ನಡೀಲಿ ಮೊಕ ನೋಡ್ಕೋ, ಎಂಗೆ ಬಿಳುಚ್ಕಂಡದೆ."

ಅಮ್ಮನಿಗೆ ಸೊಪ್ಪೆಂದರೆ ಪ್ರಾಣ. ನಕ್ಕು ತಟ್ಟೆ ಮುಂದಿಟ್ಟಳು. ಅಂದಿನಿಂದ ಮನೆ ತುಂಬ ಬೆಂದ ಸೊಪ್ಪಿನ ಘಮ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬಿಸಿ ಮುದ್ದೆಗೆ ಬಸ್ಸಾರು, ಪಕ್ಕಕ್ಕೆ ಕಾಯಿತುರಿ ಹಾಕಿದ ಪಲ್ಯ. ಒಂದು ದಿನ ಮಸ್ಸೊಪ್ಪು, ಇನ್ನೊಂದು ದಿನ ಉಪ್ಸಾರು. ಅಮ್ಮನ ಕೆನ್ನೆಗೆ ನಿಜಕ್ಕೂ ಬಣ್ಣ ಬಂತು. ಆ ತಿಂಗಳ ರಕ್ತ ಪರೀಕ್ಷೆಗೆ ಹೋಗಬೇಕಾದ ದಿನ ಅಪ್ಪನಿಗೆ ಒಂದು ಗೃಹಪ್ರವೇಶದ ಮನೆಯ ಬಾಗಿಲು ಮುಗಿಸಿಕೊಡುವ ಅವಸರವಿತ್ತು. ಇಷ್ಟು ಚೆನ್ನಾಗಿದ್ದಾಳಲ್ಲ, ಮುಂದಿನ ವಾರ ಹೋದರಾಯಿತು ಎಂದುಕೊಂಡೆವು.

ಆ ವಾರದಲ್ಲೇ ಒಂದು ಮಧ್ಯಾಹ್ನ ಸ್ಕೂಲಿಂದ ಬಂದು ಅಮ್ಮನ ಎದೆಗೆ ಕಿವಿಯಿಟ್ಟು ಮಲಗಿದೆ. ಟಿಕ್ ಎನ್ನುವ ಕಡೆ ಏನೋ ಮೆತ್ತಗೆ, ಬಟ್ಟೆ ಸುತ್ತಿ ತಟ್ಟಿದಂತೆ.

"ಅಜ್ಜಿ, ಅಮ್ಮನ ಸದ್ದು ಸಣ್ಣಗಾಗಿದೆ."

ಅಜ್ಜಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಬಂದು ತಾನೂ ಕಿವಿಯಿಟ್ಟಳು. ಅವಳ ಮುಖ ಅರಳಿತು. "ಊ ಕಣ್ ಕೂಸೇ. ಮೈಗೆ ಒಗ್ಗ್ಕಂಡದೆ ಅದು. ಇನ್ನು ನಮ್ಮೆಲ್ಲರಂಗೇ ಆಯ್ತಾಳೆ ನಿಮ್ಮವ್ವ." ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಪ್ಪನಿಗೂ ಹೇಳಿದಳು. ಅಪ್ಪನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. "ಬೆಳಿಗ್ಗೆ ಎದ್ದೇಟ್ಗೆ ಆಸ್ಪತ್ರೆಗೆ ಓಗ್ಲೇಬೇಕು," ಎಂದ. ಅಮ್ಮ, "ಸುಮ್ನಿರಿ, ನಾ ಚೆನ್ನಾಗೇ ಇವ್ನಿ," ಎಂದಳು.

ಬೆಳಿಗ್ಗೆ ಅಮ್ಮ ಮಲಗಲಾಗದೆ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತಿತ್ತು. ತುಟಿ ನೀಲಿಗಟ್ಟಿತ್ತು. ಆಟೋದಲ್ಲಿ ಅಪ್ಪನ ಹೆಗಲಿಗೊರಗಿ, ದಾರಿಯುದ್ದಕ್ಕೂ ಬಾಯಿಂದ ಗಾಳಿಯನ್ನು ಕಚ್ಚಿ ಕಚ್ಚಿ ಎಳೆದುಕೊಳ್ಳುತ್ತಿದ್ದಳು. ದೇವರೇ, ನನ್ನ ಉಸಿರು ತೆಗೆದು ಅವಳಿಗೆ ಕೊಡು ಎಂದು ನಾನು ಮೂಗು ಹಿಡಿದು ಕೂತೆ. ಅಷ್ಟು ಮಾಡಿದರೆ ಸಾಕು ಎಂದು ನಿಜವಾಗಿಯೂ ನಂಬಿದ್ದೆ.

ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನಗೂ ಕೇಳಿಸಿತು. "ವಾಲ್ವಿನ ಮೇಲೆ ರಕ್ತ ಹೆಪ್ಪುಗಟ್ಟಿದೆ. ತೆರೆಯೋಕೆ ಮುಚ್ಚೋಕೆ ಆಗ್ತಿಲ್ಲ. ಶ್ವಾಸಕೋಶದಲ್ಲಿ ನೀರು ತುಂಬಿದೆ. ಕರಗಿಸೋ ಔಷಧಿ ಕೊಟ್ಟಿದ್ದೀವಿ, ಆಗದಿದ್ರೆ ಮತ್ತೆ ಆಪರೇಷನ್. ಊಟದಲ್ಲೇನಾದ್ರೂ ಬದಲಾವಣೆ ಮಾಡಿದ್ರಾ? ಸೊಪ್ಪೇನಾದ್ರೂ?" ಅಪ್ಪ ಬೆಂಚಿನ ಮೇಲಿದ್ದ ಅಜ್ಜಿಯ ಕಡೆ ನೋಡಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು, ಅವಳಿಗೆ ಕೇಳಿಸಿರಲಿಲ್ಲ. "ತಿಂದ್ಲು ಸಾರ್. ನಾನೇ ತಂದುಕೊಟ್ಟೆ," ಎಂದ ಅಪ್ಪ.

ಒಂದು ಗಳಿಗೆ ನನ್ನನ್ನು ಒಳಗೆ ಬಿಟ್ಟರು. ಅಮ್ಮ ನನ್ನನ್ನು ನೋಡಿ, ಮುಖಕ್ಕೆ ಕಟ್ಟಿದ್ದ ಆಕ್ಸಿಜನ್ ಮಾಸ್ಕನ್ನು ಸ್ವಲ್ಪ ಸರಿಸಿದಳು. ನಾನು ಕೇಳಿರಲಿಲ್ಲ. ತಾನಾಗಿಯೇ "ಆ" ಎಂದು ಬಾಯಿ ತೆರೆದಳು. ನಾನು ಹತ್ತಿರ ಬಗ್ಗಿ ಕಿವಿಗೊಟ್ಟೆ. ಗೊರಗೊರ ಎನ್ನುವ ನೀರಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. "ಕೇಳ್ತಾ?" ಎಂದು ಹುಬ್ಬಿನಲ್ಲೇ ಕೇಳಿದಳು. ಕೇಳ್ತು ಎಂದು ತಲೆಯಾಡಿಸಿದೆ. ಮಧ್ಯಾಹ್ನ ಎರಡನೆಯ ಆಪರೇಷನ್ನಿಗೆ ಅಣಿ ಮಾಡುತ್ತಿದ್ದಾಗಲೇ ಅಮ್ಮ ಹೋಗಿಬಿಟ್ಟಳು.

ತಿಥಿಯೆಲ್ಲ ಮುಗಿದ ಮೇಲೆ ಅಜ್ಜಿ ಊರಿಗೆ ಹೋಗದೆ ನನಗೋಸ್ಕರ ಉಳಿದಳು. ಆದರೆ ಮನೆಯಲ್ಲಿ ಸೊಪ್ಪು ಬೇಯುವುದು ನಿಂತಿತ್ತು. ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳಿದರೆ ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಜ ಹೇಳಿ, ಅಳಿಯಂದ್ರೇ. ನಾ ಉಣ್ಣಾಕಿದ ಸೊಪ್ಪಿಂದ ಏನಾರ ಆಯ್ತಾ ನನ್ ಮಗೀಗೆ?"

ಅಪ್ಪ ಅವಳ ಪಕ್ಕಕ್ಕೆ ಬಂದು ಕೂತ. "ಇಲ್ಲ ಅತ್ತೆ. ಬಾಗಿಲೇ ಸರಿ ಇರ್ಲಿಲ್ಲ. ನಾ ಬಡಗಿ, ನಂಗೊತ್ತಾಗಲ್ವಾ." ಆಮೇಲೆ ಎದ್ದು ಹೋಗಿ ಸೊಪ್ಪಿನವಳನ್ನು ಕೂಗಿ ಕರೆದು ಒಂದು ಕಟ್ಟು ದಂಟಿನ ಸೊಪ್ಪು ತಂದು ಅಜ್ಜಿಯ ಮಡಿಲಲ್ಲಿಟ್ಟ. "ಬಸ್ಸಾರು ಮಾಡಿ. ಮಗೀನೂ ತಿಂದು ಬಾಳ ದಿನ ಆಯ್ತು."

ಅಜ್ಜಿ ಅಳುತ್ತಲೇ ಬಿಡಿಸಿದಳು, ಅಳುತ್ತಲೇ ಬಸಿದಳು. ಊಟಕ್ಕೆ ಕೂತಾಗ ನಾನು ತುತ್ತನ್ನು ಬಾಯಲ್ಲೇ ಇಟ್ಟುಕೊಂಡಿದ್ದೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದ. ನುಂಗಿದೆ. ಅವನು ಎರಡನೇ ಸಲ ಹಾಕಿಸಿಕೊಂಡು, "ಚೆನ್ನಾಗದೆ ಅತ್ತೆ," ಎಂದ. ಅಜ್ಜಿ ಬದುಕಿರುವವರೆಗೂ ಅವಳು ಮಾಡಿದ ಸೊಪ್ಪಿನ ಸಾರನ್ನು ಅಪ್ಪ ಒಂದು ಸಲವೂ ಬೇಡ ಎನ್ನಲಿಲ್ಲ, ಪ್ರತಿ ಸಲವೂ ಎರಡು ಸೌಟು.

ಈಗ ನಾವು ಶ್ರೀರಾಂಪುರದಲ್ಲಿದ್ದೇವೆ. ಕೆಸರೆಯ ಆ ಶೀಟಿನ ಮನೆ ಇದ್ದ ಕಡೆ ಮೂರಂತಸ್ತು ಎದ್ದಿದೆ. ಒಮ್ಮೊಮ್ಮೆ ನನ್ನ ಮಗಳನ್ನು ಹತ್ತಿರ ಎಳೆದುಕೊಂಡು "ಆ ಅನ್ನು," ಎನ್ನುತ್ತೇನೆ. ಅವಳು ನಗುತ್ತಾ ಬಾಯಿ ತೆರೆಯುತ್ತಾಳೆ. ಏನೂ ಕೇಳಿಸುವುದಿಲ್ಲ. ಆರೋಗ್ಯವಾಗಿರುವ ಗುಂಡಿಗೆ ಹೀಗೆ ಹೊರಗೆ ಕೇಳುವುದಿಲ್ಲ ಎಂದು ಗೊತ್ತು. ಆದರೂ ಅವಳ ಎದೆಯ ಮೇಲೆ ಅಂಗೈ ಇಟ್ಟು ನೋಡುವವರೆಗೂ ಸಮಾಧಾನವಿಲ್ಲ. ಕಣ್ಣುಮುಚ್ಚಿ ಹುಡುಕಿದರೂ ಸಿಗುತ್ತಿದ್ದ ಅಮ್ಮ ಈಗ ಯಾವ ಕೋಣೆಯಲ್ಲೂ ಸಿಗುವುದಿಲ್ಲ.

ಹೋದ ವರ್ಷ ಅಜ್ಜಿ ತೀರಿಕೊಂಡಳು. ತಿಥಿಯ ಮಾರನೆಯ ದಿನ ಅವಳ ನೆನಪಿಗೆಂದು ನಾನು ನುಗ್ಗೆಸೊಪ್ಪಿನ ಬಸ್ಸಾರು ಮಾಡಿ ಅಪ್ಪನ ತಟ್ಟೆಗೆ ಬಡಿಸಲು ಸೌಟೆತ್ತಿದೆ. ಅಪ್ಪ ತಟ್ಟೆಯ ಮೇಲೆ ಅಡ್ಡ ಕೈಯಿಟ್ಟ.

"ಇನ್ನು ಸಾಕು ಕಣಮ್ಮ," ಎಂದ. "ನಂಗೆ ಮಜ್ಜಿಗೆ ಹಾಕು."